ಹಳೆಯ ವೆಕ್ಟ್ರೆಕ್ಸ್ ಈಗಲೂ ಕೊಳ್ಳಬಹುದಾ?

ಹಳೆಯ ವಿಡಿಯೋ ಗೇಮ್ ಯಂತ್ರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೋ, ಉಳಿದದ್ದೆಲ್ಲ ಕೊಟ್ಟುಬಿಡು ಅಂದರೆ ನಾನು ಇಟ್ಟುಕೊಳ್ಳುವುದು ವೆಕ್ಟ್ರೆಕ್ಸ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಕನ್ಸೋಲ್‌ಗಳ ಆಟಗಳನ್ನು ಇವತ್ತು ಕಂಪ್ಯೂಟರ್‌ನಲ್ಲೋ ಫೋನಿನಲ್ಲೋ ಹೆಚ್ಚುಕಡಿಮೆ ಮೊದಲಿನ ಹಾಗೇ ಆಡಬಹುದು. ವೆಕ್ಟ್ರೆಕ್ಸ್ ಆಟಗಳನ್ನೂ ಆಡಬಹುದು, ಆದರೆ ನಿಜವಾದ ವೆಕ್ಟ್ರೆಕ್ಸ್ ಪರದೆ ಹೇಗೆ ಕಾಣುತ್ತದೆ ಅನ್ನುವುದು ಅದರ ಮುಂದೆ ಕೂತರೆ ಮಾತ್ರ ಗೊತ್ತಾಗುತ್ತದೆ. ಫೋಟೋದಲ್ಲಿ ಬರುವುದಿಲ್ಲ, ವಿಡಿಯೋದಲ್ಲಂತೂ ಇನ್ನೂ ಕೆಡುತ್ತದೆ.

ಕಾರಣ ಸರಳ. ನಾವು ನೋಡಿದ ಹಳೆಯ ಟಿವಿಗಳೆಲ್ಲ ಪರದೆಯನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ತುಂಬುತ್ತಿದ್ದವು. ಚಿತ್ರ ಇರಲಿ ಇಲ್ಲದಿರಲಿ, ಪರದೆಯನ್ನು ಬೆಳಗಿಸುವ ಎಲೆಕ್ಟ್ರಾನ್ ಕಿರಣ ಇಡೀ ಪರದೆ ಸುತ್ತಲೇಬೇಕು. ವೆಕ್ಟ್ರೆಕ್ಸ್‌ನಲ್ಲಿ ಹಾಗಿಲ್ಲ. ಎಲ್ಲಿ ಗೆರೆ ಬೇಕೋ ಅಲ್ಲಿಗೆ ಮಾತ್ರ ಕಿರಣ ಹೋಗುತ್ತದೆ, ಆ ತುದಿಯಿಂದ ಈ ತುದಿಗೆ ಗೆರೆ ಎಳೆಯುತ್ತದೆ, ಮುಂದಿನ ಗೆರೆಗೆ ಹೊರಡುತ್ತದೆ. ಕತ್ತಲಲ್ಲಿ ಕೊಳ್ಳಿಯನ್ನು ಜೋರಾಗಿ ಬೀಸಿದರೆ ಬೆಂಕಿಯ ಗೆರೆ ಕಾಣುತ್ತದಲ್ಲ, ಹಾಗೆ. ಪಿಕ್ಸೆಲ್ ಅನ್ನುವುದೇ ಇಲ್ಲ. ಓರೆ ಗೆರೆಗೆ ಮೆಟ್ಟಿಲು ಮೆಟ್ಟಿಲಾದ ಅಂಚು ಇಲ್ಲ. ಗೆರೆ ಇಲ್ಲದ ಜಾಗ ಅಪ್ಪಟ ಕಪ್ಪು. ಗುಂಡಿನ ಚುಕ್ಕಿ ಪರದೆಯ ಮೇಲೆ ಎಷ್ಟು ತೀಕ್ಷ್ಣವಾಗಿ ಹೊಳೆಯುತ್ತದೆ ಅಂದರೆ ಇಂದಿನ ದುಬಾರಿ ಟಿವಿಗಳ ಪಕ್ಕದಲ್ಲಿಟ್ಟರೂ ಕಣ್ಣು ಇದರ ಕಡೆಗೇ ಹೋಗುತ್ತದೆ.

ಆರ್ಕೇಡ್‌ಗಳಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಗೇಮ್ ಅಂಗಡಿಗಳಲ್ಲಿ, ಇಂಥ ಪರದೆ ಮೊದಲೇ ಇತ್ತು. ಸಿನೆಮಟ್ರಾನಿಕ್ಸ್ ಕಂಪನಿಯ ಸ್ಪೇಸ್ ವಾರ್ಸ್ 1977ರದ್ದು, ಅಟಾರಿಯ ಆಸ್ಟರಾಯ್ಡ್ಸ್ 1979ರದ್ದು. ಆ ಕ್ಯಾಬಿನೆಟ್‌ಗಳು ಆಳೆತ್ತರ ಇರುತ್ತವೆ, ಮನೆಗೆ ತರಲು ಇಬ್ಬರು ಮೂವರು ಬೇಕು, ತಂದ ಮೇಲೆ ಜಾಗ ಬೇಕು. ವೆಕ್ಟ್ರೆಕ್ಸ್ ಆ ತಂತ್ರವನ್ನೇ ಮೇಜಿನ ಮೇಲೆ ಕೂರುವ ಒಂದು ಪೆಟ್ಟಿಗೆಗೆ ಇಳಿಸಿತು. 9 ಇಂಚಿನ ಪಿಕ್ಚರ್ ಟ್ಯೂಬ್, ಅದೂ ಉದ್ದಕ್ಕೆ ನಿಲ್ಲಿಸಿದ್ದು. ಟಿವಿ ಬೇಡವೇ ಬೇಡ. ಕಂಟ್ರೋಲರ್ ಪೆಟ್ಟಿಗೆಯ ಮುಂಭಾಗದಲ್ಲೇ ಮಡಚಿಕೊಂಡು ಕೂರುತ್ತದೆ, ಒಟ್ಟಿಗೆ ಎತ್ತಿಕೊಂಡು ಹೋಗಬಹುದು. ಹೀಗೆ ಗೆರೆ ಎಳೆಯುವ ಪರದೆಗೆ ವೆಕ್ಟರ್ ಪರದೆ ಅಂತಾರೆ. ಮನೆಗೆಂದು ಮಾಡಿದ, ಸ್ವಂತ ವೆಕ್ಟರ್ ಪರದೆ ಇರುವ ಬೇರೆ ಕನ್ಸೋಲ್ ಆ ಕಾಲದಲ್ಲಿ ಬರಲಿಲ್ಲ.

ಇದನ್ನು ಮಾಡಿದ್ದು ಜೇ ಸ್ಮಿತ್ ಅವರ ತಂಡ. 1979ರಲ್ಲಿ ಬಂದ ಮೈಕ್ರೋವಿಷನ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರವೂ ಅವರದ್ದೇ. ವೆಕ್ಟ್ರೆಕ್ಸ್ 1982ರ ಕೊನೆಯಲ್ಲಿ ಅಮೆರಿಕದಲ್ಲಿ ಜಿಸಿಇ ಅನ್ನುವ ಕಂಪನಿಯ ಹೆಸರಲ್ಲಿ ಮಾರಾಟಕ್ಕೆ ಬಂತು. ಮರುವರ್ಷ ಆ ಕಂಪನಿಯನ್ನು ಮಿಲ್ಟನ್ ಬ್ರ್ಯಾಡ್ಲಿ ಕೊಂಡುಕೊಂಡಿತು, ಜಪಾನಿನಲ್ಲಿ ಬಂಡಾಯ್ ಮಾರಿತು. ಅಷ್ಟರಲ್ಲಿ 1983ರ ವಿಡಿಯೋ ಗೇಮ್ ಮಾರುಕಟ್ಟೆಯ ಕುಸಿತ ಬಂತು. 1984ಕ್ಕೆಲ್ಲ ಕಥೆ ಮುಗಿಯಿತು. ಇಷ್ಟು ಒಳ್ಳೆಯ ಯಂತ್ರಕ್ಕೆ ಎರಡು ವರ್ಷದ ಆಯುಷ್ಯವೂ ಸಿಗಲಿಲ್ಲ ಅನ್ನುವುದು ನನಗೆ ಈಗಲೂ ಬೇಸರ. ಅದರಲ್ಲಿ ಯಂತ್ರದ ತಪ್ಪೇನೂ ಇರಲಿಲ್ಲ.

ಒಳಗಿರುವುದು ಮೋಟೊರೋಲಾ 6809 ಪ್ರೊಸೆಸರ್, 1.5 ಮೆಗಾಹರ್ಟ್ಸ್, ರ್ಯಾಮ್ ಬರೀ 1 ಕೆಬಿ. ಕಡಿಮೆ ಅನ್ನಿಸಬಹುದು. ಆದರೆ ಪಿಕ್ಸೆಲ್ ಇಲ್ಲದ ಮೇಲೆ ಇಡೀ ಪರದೆಯ ಚಿತ್ರವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಗೋಜೇ ಇಲ್ಲ, ಯಾವ ಗೆರೆ ಎಲ್ಲಿಂದ ಎಲ್ಲಿಗೆ ಅನ್ನುವ ಲೆಕ್ಕ ಇದ್ದರೆ ಸಾಕು. ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಎಲ್ಲ ಗೆರೆಗಳನ್ನೂ ಮತ್ತೆ ಎಳೆಯುತ್ತದೆ. ಒಂದೇ ಹೊತ್ತಿಗೆ ಗೆರೆಗಳು ಜಾಸ್ತಿಯಾದರೆ ಆ ವೇಗ ಇಳಿಯುತ್ತದೆ, ಆಗ ಚಿತ್ರ ಮಿಣುಕುತ್ತದೆ. ಮಿಣುಕು ಸಹಿಸದ ಕಣ್ಣಿನವರು ಇದನ್ನು ಕೊಳ್ಳುವ ಮೊದಲು ಒಮ್ಮೆ ಎಲ್ಲಾದರೂ ಅರ್ಧ ಗಂಟೆ ಆಡಿ ನೋಡಿ. ಕೆಲವರಿಗೆ ತಲೆನೋವು ಬರುತ್ತದೆ, ಅದು ಸುಳ್ಳಲ್ಲ.

ಈಗ ಆಟಗಳು. ಕಾರ್ಟ್ರಿಜ್ (ಆಟ ತುಂಬಿಟ್ಟ ಪುಟ್ಟ ಡಬ್ಬಿ) ಹಾಕದೆ ಆನ್ ಮಾಡಿದರೆ ಮೈನ್ ಸ್ಟಾರ್ಮ್ ಶುರುವಾಗುತ್ತದೆ, ಅದು ಯಂತ್ರದ ಒಳಗೇ ಇದೆ. ಆಸ್ಟರಾಯ್ಡ್ಸ್ ದಾರಿಯ ಆಟ: ನಡುವೆ ನಿಮ್ಮ ನೌಕೆ, ಸುತ್ತ ತೇಲುವ ಮೈನ್‌ಗಳು, ಅಂದರೆ ಬಾಂಬುಗಳು. ಕೆಲವು ಸುಮ್ನೆ ತೇಲುತ್ತವೆ, ಕೆಲವು ನಿಮ್ಮನ್ನೇ ಹುಡುಕಿಕೊಂಡು ಬರುತ್ತವೆ, ಕೆಲವು ಒಡೆದರೆ ತಿರುಗಿ ಗುಂಡು ಹಾರಿಸುತ್ತವೆ. ಇವು ಮೂರನ್ನೂ ಬೆರೆಸಿ ಕಷ್ಟ ಏರಿಸುತ್ತಾ ಹೋಗುವ ರೀತಿ ಎಷ್ಟು ಹದವಾಗಿದೆ ಅಂದರೆ, ಯಂತ್ರದ ಜೊತೆ ಉಚಿತವಾಗಿ ಬಂದ ಆಟಗಳಲ್ಲಿ ಇದಕ್ಕೆ ಸಾಟಿಯಾದವು ತೀರಾ ಕಡಿಮೆ ಅಂತ ನನ್ನ ಖಚಿತ ಅಭಿಪ್ರಾಯ. ಮೊದಮೊದಲ ಯಂತ್ರಗಳಲ್ಲಿ 13ನೇ ಹಂತದಲ್ಲಿ ಆಟ ಕೈಕೊಡುವ ದೋಷ ಇತ್ತು. ದೂರು ಬರೆದವರಿಗೆ ಕಂಪನಿ ಸರಿಪಡಿಸಿದ ಕಾರ್ಟ್ರಿಜ್ ಕಳುಹಿಸಿಕೊಟ್ಟಿತು, ಆದರೆ ಅಲ್ಲಿಯವರೆಗೆ ತಲುಪಿ ದೂರು ಬರೆದವರು ಎಷ್ಟು ಮಂದಿ ಇದ್ದಾರು? ಹಾಗಾಗಿ ಆ ಮೈನ್ ಸ್ಟಾರ್ಮ್ 2 ಕಾರ್ಟ್ರಿಜ್ ಇವತ್ತು ಸಂಗ್ರಹಕಾರರು ಹುಡುಕಿ ಸುಸ್ತಾಗುವ ವಸ್ತು. ಆಡುವುದಕ್ಕೆ ಅದು ಬೇಕಿಲ್ಲ, ಅದರ ಹಿಂದೆ ಬೀಳಬೇಡಿ.

ಆ ಕಾಲದ ಆಟಗಳು ಒಟ್ಟು ಸುಮಾರು ಮೂವತ್ತು ಅಷ್ಟೇ. ಇದು ಸಂಗ್ರಹ ಮಾಡುವವರಿಗೆ ಒಳ್ಳೆಯ ಸುದ್ದಿ, ಪೂರ್ತಿ ಸೇರಿಸುವ ಆಸೆ ಇಟ್ಟುಕೊಳ್ಳಬಹುದು. ರಿಪ್ ಆಫ್ ಮತ್ತು ಆರ್ಮರ್ ಅಟ್ಯಾಕ್ ಎರಡೂ ಆರ್ಕೇಡ್‌ನಲ್ಲೂ ವೆಕ್ಟರ್ ಆಟಗಳೇ, ಹಾಗಾಗಿ ಇಲ್ಲಿ ತಮ್ಮ ಮನೆಯಲ್ಲೇ ಇದ್ದ ಹಾಗಿವೆ. ಇನ್ನೊಂದು ಕಂಟ್ರೋಲರ್ ಸಿಕ್ಕರೆ ರಿಪ್ ಆಫ್ ಇಬ್ಬರು ಸೇರಿ ಆಡಿ. ಎದುರಾಳಿಗಳಾಗಿ ಅಲ್ಲ, ಜೊತೆಗಾರರಾಗಿ ಆಡುವ ಆಟ ಅದು. ಸ್ಕ್ರ್ಯಾಂಬಲ್ ಮತ್ತು ಬರ್ಜರ್ಕ್ ಮೂಲದಲ್ಲಿ ಪಿಕ್ಸೆಲ್ ಆಟಗಳು, ಆದರೂ ಗೆರೆಗೆ ಚೆನ್ನಾಗಿ ಒಗ್ಗಿವೆ. ಪೋಲ್ ಪೊಸಿಷನ್ ನನಗೆ ಹಿಡಿಸಲಿಲ್ಲ. ಬಣ್ಣವೇ ಜೀವಾಳವಾದ ಆಟದಿಂದ ಬಣ್ಣ ತೆಗೆದರೆ ಉಳಿಯುವುದೇನು?

ಬಣ್ಣದ ಮಾತು ಬಂತಲ್ಲ, ಪರದೆ ಕಪ್ಪು ಬಿಳುಪು ಮಾತ್ರ. ಅದಕ್ಕೆ ಪ್ರತಿ ಆಟದ ಜೊತೆ ಒಂದು ಪಾರದರ್ಶಕ ಬಣ್ಣದ ಪ್ಲಾಸ್ಟಿಕ್ ಹಾಳೆ ಕೊಡುತ್ತಿದ್ದರು. ಓವರ್‌ಲೇ ಅಂತಾರೆ. ಪರದೆಯ ಮುಂದೆ ಸಿಕ್ಕಿಸಿದರೆ ಗೆರೆಗಳಿಗೆ ಬಣ್ಣ ಬರುತ್ತದೆ, ಬಟನ್‌ಗಳ ಕೆಲಸವೂ ಅದರ ಕೆಳತುದಿಯಲ್ಲಿ ಬರೆದಿರುತ್ತದೆ. ಓವರ್‌ಲೇ ಹಾಕಿದಾಗ ಗೆರೆಯ ಹೊಳಪು ಸ್ವಲ್ಪ ಕಡಿಮೆಯಾಗುತ್ತದೆ, ಆದರೂ ನಾನು ಹಾಕಿಯೇ ಆಡುತ್ತೇನೆ. ಈ ಹಾಳೆಗಳು ಕಳೆದುಹೋಗಿರುವುದು, ಗೀರು ಬಿದ್ದಿರುವುದು ಮಾಮೂಲು. ಹೊಸದಾಗಿ ಮುದ್ರಿಸಿದ ನಕಲುಗಳು ಸಿಗುತ್ತವೆ, ಆಡಲು ಅವು ಸಾಕು. ಮೂಲ ಹಾಳೆ ನಿಮ್ಮಲ್ಲಿದ್ದರೆ ಒಂದರ ಮೇಲೊಂದು ಹಾಗೇ ಪೇರಿಸಬೇಡಿ, ನಡುವೆ ಒಂದೊಂದು ಕಾಗದ ಇಟ್ಟು ಚಪ್ಪಟೆಯಾಗಿ, ಬಿಸಿಲು ತಾಗದ ಕಡೆ ಇಡಿ.

ಶಬ್ದದ ವಿಷಯದಲ್ಲಿ ಮುಚ್ಚುಮರೆ ಬೇಡ. ಈ ಯಂತ್ರ ಗುಂಯ್‌ಗುಡುತ್ತದೆ. ಮೊದಲ ಕಂತಿನ ಯಂತ್ರಗಳಲ್ಲಿ ಆಡಿಯೋ ವೈರುಗಳಿಗೆ ಸರಿಯಾದ ರಕ್ಷಣೆ ಇಲ್ಲದ್ದರಿಂದ ಪರದೆಯ ಕೆಲಸ ಅಲ್ಲಿಗೆ ನುಗ್ಗುತ್ತದೆ. ಪರದೆಯಲ್ಲಿ ಗೆರೆ ಹೆಚ್ಚಾದಂತೆ ಗುಂಯ್ ಅನ್ನುವ ಸ್ವರವೂ ಬದಲಾಗುತ್ತದೆ. ಗುಂಯ್ ಅಂದ ಕೂಡಲೇ ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. ಸದ್ದಿನ ಚಿಪ್ ಮಾತ್ರ ಒಳ್ಳೆಯದು, ಜನರಲ್ ಇನ್‌ಸ್ಟ್ರುಮೆಂಟ್‌ನ ಎವೈ-3-8912. ಮೂರು ಸ್ವರ ಒಟ್ಟಿಗೆ ನುಡಿಸುತ್ತದೆ, ಸ್ಪೈಕ್ ಅನ್ನುವ ಆಟದಲ್ಲಿ ಮಾತು ಕೂಡ ಆಡುತ್ತದೆ.

ಕಂಟ್ರೋಲರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನೀವು ಕೊಳ್ಳುವ ಯಂತ್ರದಲ್ಲಿ ಮೊದಲು ಕಾಡುವುದು ಅದೇ. ಎಡಕ್ಕೆ ಪುಟ್ಟ ಅನಲಾಗ್ ಸ್ಟಿಕ್, ಬಲಕ್ಕೆ ಸಾಲಾಗಿ ನಾಲ್ಕು ಬಟನ್. ಸ್ಟಿಕ್ ಬಿಟ್ಟರೆ ತಾನೇ ನಡುವಿಗೆ ಬರುತ್ತದೆ. 1982ಕ್ಕೆ ಇದು ಬಹಳ ಮುಂದಿದ್ದ ಯೋಚನೆ, ಅದೇ ವರ್ಷದ ಕೆಲವು ಕನ್ಸೋಲ್‌ಗಳಲ್ಲಿ ಸ್ಟಿಕ್ ನಡುವಿಗೆ ಮರಳುತ್ತಲೇ ಇರಲಿಲ್ಲ. ಆದರೆ ನಲವತ್ತು ವರ್ಷ ಆದ ಮೇಲೆ ಸ್ಟಿಕ್ ಎಷ್ಟು ವಾಲಿತು ಅಂತ ಅಳೆಯುವ, ಒಳಗಿನ ಪೊಟೆನ್ಷಿಯೋಮೀಟರ್ ಸವೆದಿರುತ್ತದೆ, ಕೈ ಬಿಟ್ಟರೂ ನೌಕೆ ತಾನೇ ತಿರುಗುತ್ತದೆ. ಬಟನ್ ಒತ್ತಿದರೆ ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಸುರುಳಿ ವೈರು ಬುಡದಲ್ಲಿ ಒಳಗೊಳಗೇ ತುಂಡಾಗಿರುತ್ತದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಬಟನ್ ಕೆಳಗಿನ ಜಾಗ ಒರೆಸಿ, ಪೊಟೆನ್ಷಿಯೋಮೀಟರ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಬಿಟ್ಟು ತಿರುಗಿಸಿದರೆ ಹಲವು ಸಲ ಅಲ್ಲಿಗೇ ಸರಿಹೋಗುತ್ತದೆ. ವೈರು ತುಂಡಾಗಿದ್ದರೆ ಆ ಭಾಗ ಕತ್ತರಿಸಿ ಮತ್ತೆ ಬೆಸುಗೆ ಹಾಕಬಹುದು. ಸೆಗಾ ಮೆಗಾ ಡ್ರೈವ್ ಅನ್ನುವ ಇನ್ನೊಂದು ಕನ್ಸೋಲ್‌ನ ಪ್ಯಾಡ್ ಅನ್ನು ಮಾರ್ಪಡಿಸಿ ಬಳಸುವವರೂ ಇದ್ದಾರೆ. ಪ್ಲಗ್‌ನ ಆಕಾರ ಒಂದೇ ಅಂತ ಹಾಗೇ ಚುಚ್ಚಬೇಡಿ, ಒಳಗಿನ ವೈರ್ ಜೋಡಣೆ ಬೇರೆ.

ಪೆಟ್ಟಿಗೆಯನ್ನೇ ಬಿಚ್ಚುವ ಮಾತು ಬೇರೆ. ಒಳಗಿರುವುದು ಪಿಕ್ಚರ್ ಟ್ಯೂಬ್. ಸಾವಿರಾರು ವೋಲ್ಟ್, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಟ್ಯೂಬ್ ಡಿಸ್‌ಚಾರ್ಜ್ ಮಾಡುವುದು, ಅಂದರೆ ಉಳಿದ ಕರೆಂಟ್ ಹೊರಹಾಕುವುದು, ಗೊತ್ತಿಲ್ಲದಿದ್ದರೆ ದಯವಿಟ್ಟು ಕೈ ಹಾಕಬೇಡಿ, ಹಳೆಯ ಟಿವಿ ರಿಪೇರಿ ಮಾಡಿ ಪಳಗಿದವರ ಕೈಗೆ ಕೊಡಿ. ಅಂಥವರಿಗೆ ಇದು ಅಪರಿಚಿತ ಅಲ್ಲ. ಅವರಿಗೆ ಒಂದು ಮಾತು ಮಾತ್ರ ಮೊದಲೇ ಹೇಳಿಡಿ: ಇದು ಟಿವಿ ಥರ ಸಾಲು ಸಾಲಾಗಿ ಪರದೆ ತುಂಬುವುದಿಲ್ಲ, ಅಡ್ಡ ಮತ್ತು ಉದ್ದ ಎರಡೂ ದಿಕ್ಕಿಗೆ ಕಿರಣವನ್ನು ಎಳೆಯುವ ಆಂಪ್ಲಿಫೈಯರ್ ಬೇರೆಯೇ ಇದೆ. ಅವುಗಳಲ್ಲಿ ಒಂದು ಸತ್ತರೆ ಕಿರಣ ಒಂದೇ ಕಡೆ ನಿಂತು ಪರದೆಯ ಲೇಪ ಸುಟ್ಟುಬಿಡಬಹುದು. ಹಾಗಾಗದ ಹಾಗೆ ಸ್ಪಾಟ್ ಕಿಲ್ಲರ್ ಅನ್ನುವ ಸರ್ಕ್ಯೂಟ್ ಕಿರಣವನ್ನೇ ಆರಿಸುತ್ತದೆ. ಅಂದರೆ ಸದ್ದು ಬರುತ್ತಿದೆ, ಪರದೆ ಕಪ್ಪಾಗಿದೆ ಅಂದ ಕೂಡಲೇ ಟ್ಯೂಬ್ ಹೋಯಿತು ಅನ್ನುವ ತೀರ್ಮಾನಕ್ಕೆ ಬರಬೇಡಿ. ಟ್ಯೂಬ್ ಚೆನ್ನಾಗಿಯೇ ಇದ್ದು, ಅದನ್ನು ಕಾಯುವ ಸರ್ಕ್ಯೂಟ್ ತನ್ನ ಕೆಲಸ ಮಾಡುತ್ತಿರಬಹುದು. ಇಂಥ ಯಂತ್ರಗಳನ್ನು ಬಿಡಿಭಾಗಕ್ಕೆ ಅಂತ ಒಡೆದು ಮಾರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೆರೆಗಳ ತುದಿ ಸೇರದೆ ಹೋಗುವುದು, ಚೌಕ ಸೊಟ್ಟಗಾಗುವುದು, ಅಕ್ಷರ ಒಂದು ಕಡೆಗೆ ವಾಲುವುದು, ಇವೆಲ್ಲ ವಯಸ್ಸಿನ ಲಕ್ಷಣ. ಎಲ್ಲ ಅನಲಾಗ್ ಅಲ್ವಾ, ಬಿಡಿಭಾಗಗಳ ಅಳತೆ ಸ್ವಲ್ಪ ಜಾರಿದರೂ ಚಿತ್ರ ಜಾರುತ್ತದೆ. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಒಮ್ಮೆ ಬದಲಿಸಿ, ಒಳಗಿನ ಟ್ರಿಮ್ಮರ್‌ಗಳನ್ನು (ಚಿತ್ರ ಸರಿಪಡಿಸುವ ಪುಟ್ಟ ತಿರುಪುಗಳನ್ನು) ಹೊಂದಿಸಿದರೆ ಚಿತ್ರ ಬಹಳ ಮಟ್ಟಿಗೆ ನೆಟ್ಟಗಾಗುತ್ತದೆ. ಈ ಕೆಲಸಕ್ಕೆ ಹಣ ಖರ್ಚು ಮಾಡಲು ಹಿಂದೆಮುಂದೆ ನೋಡಬೇಡಿ. ಅಪರೂಪದ ಕಾರ್ಟ್ರಿಜ್‌ಗಿಂತ ಮೊದಲು ಇದು. ಇನ್ನು, ಹಿಂದೆ ಬ್ರೈಟ್‌ನೆಸ್ ತಿರುಪು ಇದೆ. ಪೂರ್ತಿ ಏರಿಸಬೇಡಿ. ಗೆರೆಗಳ ನಡುವೆ ಚುಕ್ಕಿ, ಕಿರಣ ಓಡಾಡುವ ಜಾಡು ಕಾಣಿಸಲು ಶುರುವಾದರೆ ಜಾಸ್ತಿಯಾಯಿತು ಅಂತ ಅರ್ಥ. ಆ ಜಾಡು ಮಾಯವಾಗುವ ತನಕ ಇಳಿಸಿ. ಆಟ ನಿಲ್ಲಿಸಿ ಎದ್ದುಹೋಗುವಾಗ ಯಂತ್ರ ಆರಿಸಿ, ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಪರದೆಯಲ್ಲಿ ಕಲೆ ಉಳಿಯುತ್ತದೆ.

ಕರೆಂಟ್ ವಿಷಯ ಮರೆಯಬೇಡಿ. ಅಮೆರಿಕದ ಯಂತ್ರ 120 ವೋಲ್ಟಿನದ್ದು, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಒಳಗೇ ಇದೆ, ಬೇರೆ ಅಡಾಪ್ಟರ್ ಇಲ್ಲ. 230 ವೋಲ್ಟ್ ಇರುವಲ್ಲಿ ನೇರ ಚುಚ್ಚಿದರೆ ಯಂತ್ರ ಸುಟ್ಟೇ ಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಯುರೋಪಿಗೆ ಮಾಡಿದ ಯಂತ್ರವನ್ನೇ ಹುಡುಕಬೇಕು. ಒಂದು ಸಮಾಧಾನ, ಪರದೆ ಒಳಗೇ ಇರುವುದರಿಂದ ದೇಶದಿಂದ ದೇಶಕ್ಕೆ ಬದಲಾಗುವ ಪಾಲ್, ಎನ್‌ಟಿಎಸ್‌ಸಿ ಟಿವಿ ಪದ್ಧತಿಗಳ ತಾಪತ್ರಯ ಇಲ್ಲ. ಯಾವ ದೇಶದ ಕಾರ್ಟ್ರಿಜ್ ತಂದರೂ ನಡೆಯುತ್ತದೆ.

ಲೈಟ್ ಪೆನ್ ಮತ್ತು ತ್ರೀಡಿ ಇಮೇಜರ್ ಅನ್ನುವ ಎರಡು ಜೊತೆವಸ್ತುಗಳೂ ಬಂದಿದ್ದವು. ಪೆನ್ನಿನಿಂದ ಪರದೆಯ ಮೇಲೆ ಬರೆಯಬಹುದು, ಸ್ವಲ್ಪ ಹೊತ್ತು ಖುಷಿ ಕೊಡುತ್ತದೆ. ಇಮೇಜರ್ ನಿಜಕ್ಕೂ ಅಚ್ಚರಿ: ಕನ್ನಡಕದ ಒಳಗೆ ಬಣ್ಣದ ಚಕ್ರ ಗರಗರ ತಿರುಗುತ್ತಾ ಎರಡು ಕಣ್ಣಿಗೂ ಸರದಿಯಂತೆ ಚಿತ್ರ ಬಿಡುತ್ತದೆ, ಆಳದ ಜೊತೆಗೆ ಬಣ್ಣವೂ ಸಿಗುತ್ತದೆ. ಅದೂ 1984ರಲ್ಲಿ! ಆದರೆ ಮೂಲ ಇಮೇಜರ್ ತೀರಾ ಅಪರೂಪ, ಅದಕ್ಕೆ ಬಂದ ಆಟಗಳೂ ಬೆರಳೆಣಿಕೆ. ಎಲ್ಲಾದರೂ ನೋಡಲು ಸಿಕ್ಕರೆ ಬಿಡಬೇಡಿ, ಕೊಳ್ಳುವ ಪಟ್ಟಿಯಲ್ಲಿ ಕೊನೆಗಿಡಿ.

ಅದರ ಬದಲು ಒಂದು ಫ್ಲ್ಯಾಶ್ ಕಾರ್ಟ್ರಿಜ್ ತೆಗೆದುಕೊಳ್ಳಿ, ಹಲವು ಆಟಗಳ ಫೈಲ್‌ಗಳನ್ನು ತುಂಬಿಸಿಕೊಂಡು ಆಡಬಹುದಾದ ಕಾರ್ಟ್ರಿಜ್ ಅದು. ಹಳೆಯ ಆಟಗಳನ್ನು ವ್ಯಾಪಾರಕ್ಕಲ್ಲದೆ ಹಂಚಿಕೊಳ್ಳಲು ಜೇ ಸ್ಮಿತ್ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಇಷ್ಟು ದೊಡ್ಡ ಮನಸ್ಸು ಆ ಕಾಲದ ಬೇರೆ ಕನ್ಸೋಲ್‌ಗಳ ವಿಷಯದಲ್ಲಿ ಕಾಣಲು ಸಿಗುವುದು ಅಪರೂಪ. ಅದರಿಂದಲೇ ಆಸಕ್ತರು 1990ರ ದಶಕದಿಂದ ಹೊಸ ಆಟಗಳನ್ನು ಬರೆಯುತ್ತಲೇ ಇದ್ದಾರೆ, ಅವುಗಳಲ್ಲಿ ಕೆಲವು ಮೂಲ ಆಟಗಳಿಗಿಂತ ಚೆನ್ನಾಗಿವೆ.

ಕೊಳ್ಳುವಾಗ ಮಾರುವವರ ಹತ್ತಿರ ಫೋಟೋ ಬೇಡ, ಆನ್ ಮಾಡಿದ ವಿಡಿಯೋ ಕೇಳಿ. ಮೈನ್ ಸ್ಟಾರ್ಮ್ ಆಡುತ್ತಿರಬೇಕು, ನಾಲ್ಕೂ ಬಟನ್ ಒತ್ತಿ ತೋರಿಸಬೇಕು, ಸ್ಟಿಕ್ ಬಿಟ್ಟಾಗ ನೌಕೆ ತಿರುಗುವುದು ನಿಲ್ಲಬೇಕು. ವಿಡಿಯೋದಲ್ಲಿ ಪಟ್ಟಿ ಪಟ್ಟಿಯಾಗಿ ಮಿಣುಕಿದರೆ ಅದು ಕ್ಯಾಮೆರಾದ ತೊಂದರೆ, ತಲೆಕೆಡಿಸಿಕೊಳ್ಳಬೇಡಿ. ಆರಿಸಿದ ಪರದೆಯನ್ನು ಬೆಳಕಿನಲ್ಲಿ ಓರೆಯಾಗಿ ಹಿಡಿದು ಕಲೆ ಇದೆಯಾ ತೋರಿಸಲು ಹೇಳಿ. ಪೆಟ್ಟಿಗೆಯ ಬಣ್ಣ ಮಾಸಿರುವುದು, ಓವರ್‌ಲೇ ಇಲ್ಲದಿರುವುದು ದೊಡ್ಡ ವಿಷಯವಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ. ದೂರದಿಂದ ಬರುವುದಾದರೆ ಪರದೆಯ ಕಡೆ ದಪ್ಪ ಫೋಮ್ ಇಟ್ಟು, ದೊಡ್ಡ ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಹಾಕಿ ಕಟ್ಟಿಸಿ, ಅದಕ್ಕೆ ಬೇರೆ ಹಣ ಕೇಳಿದರೆ ಕೊಟ್ಟುಬಿಡಿ, ಯಾಕಂದರೆ ಟ್ಯೂಬಿನ ಹಿಂದಿನ ಸಣ್ಣ ಕುತ್ತಿಗೆ ಒಮ್ಮೆ ಮುರಿದರೆ ಅದನ್ನು ಯಾರೂ ಜೋಡಿಸಿಕೊಡಲಾರರು.