ಸ್ವಿಫ್ಟ್‌ಗೆ ಲೋವರಿಂಗ್ ಸ್ಪ್ರಿಂಗ್, 17 ಇಂಚಿನ ಅಲಾಯ್, 45 ಪ್ರೊಫೈಲ್ ಟೈರ್: ಓಡ್ಸಿ ನೋಡಿ ಬರೀತಿರೋ ರಿವ್ಯೂ

ಕಾರು ನನ್ನ ಭಾಮೈದಂದು. 2018ರಲ್ಲಿ ಬಂತಲ್ಲ ಆ ಶೇಪಿನ ಸ್ವಿಫ್ಟ್, ಪೆಟ್ರೋಲ್, ಕಂಪನಿಯಿಂದ ಬಂದಿದ್ದು 185/65 ಆರ್15 ಟೈರು. ಅದಕ್ಕೆ ಅವ್ನು ಕಾರಿನ ಎತ್ತರನ 35 ಮಿ.ಮೀ. ಇಳಿಸೋ ಸ್ಪ್ರಿಂಗ್ ಸೆಟ್ ಹಾಕ್ಸಿ, 17 ಇಂಚಿನ ಅಲಾಯ್ ಮೇಲೆ 205/45 ಟೈರ್ ಏರಿಸ್ಕೊಂಡು ಬಂದ. ಶಾಕಬ್ಸರ್ ಮಾತ್ರ ಹಳೇದೇ, ಅದನ್ನ ಮುಟ್ಟಿಲ್ಲ, ಇದನ್ನ ನೆನಪಲ್ಲಿಟ್ಕೊಳಿ, ಮುಂದೆ ಬೇಕಾಗತ್ತೆ. ಸ್ಪ್ರಿಂಗು, ಅಲಾಯ್, ಟೈರು, ಫಿಟ್ಟಿಂಗ್ ಎಲ್ಲಾ ಸೇರಿ ಲಕ್ಷದ ಹತ್ರ ಹೋಗಿದೆ. ನಮ್ಮ ಕಡೆ ಹುಡುಗ್ರು ಎಷ್ಟೋ ಜನ ಇದೇ ಕಾಂಬಿನೇಷನ್ ಹಾಕ್ಸೋಕೆ ಓಡಾಡ್ತಿದಾರೆ. ಫೋಟೋ ಬೇಕಾದಷ್ಟು ಸಿಗತ್ತೆ, ಆದ್ರೆ ಫ್ಯಾಮಿಲಿ ಕೂರಿಸ್ಕೊಂಡು ಹೋದ್ರೆ ಹೆಂಗಿರತ್ತೆ ಅಂತ ಬರ್ದಿರೋದು ನಂಗಂತೂ ಜಾಸ್ತಿ ಕಾಣ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಒಳ್ಳೇದು ಮೊದ್ಲು. ನೋಡೋಕೆ ನಿಜವಾಗ್ಲೂ ಚೆನ್ನಾಗಿದೆ, ಚಕ್ರಕ್ಕೂ ಫೆಂಡರ್‌ಗೂ ನಡುವೆ ಕೈ ತೂರೋ ಅಷ್ಟು ಗ್ಯಾಪ್ ಇತ್ತಲ್ಲ ಅದು ಹೋಗಿ ಕಾರು ರೋಡಿಗೆ ಅಂಟ್ಕೊಂಡು ನಿಂತಂಗೆ ಕಾಣತ್ತೆ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಲೇನ್ ಚೇಂಜ್ ಮಾಡಿದ್ರೆ ಬಾಡಿ ವಾಲೋದು ಕಮ್ಮಿ, ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗತ್ತೆ. ಬಿಡದಿ, ರಾಮನಗರ ದಾಟೋವರೆಗೂ ಭಾಮೈದ "ನೋಡಿ ಭಾವ, ಸುಮ್ನೆ ಹೆದರಿಸ್ತಿದ್ರಿ" ಅಂತಾನೇ ಇದ್ದ, ಅವ್ನು ಹೇಳಿದ್ರಲ್ಲೂ ತಪ್ಪಿಲ್ಲ. ಆ ನುಣ್ಣನೆ ರೋಡಲ್ಲಿ ಫ್ಲೈಓವರ್ ಜಾಯಿಂಟ್‌ಗಳ ಮೇಲೆ ಟಕ್ ಟಕ್ ಅನ್ನೋದು ಬಿಟ್ರೆ ದೂರೋಕೆ ಏನೂ ಇರ್ಲಿಲ್ಲ.

ಮದ್ದೂರಲ್ಲಿ ಇಳಿದು ಮಳವಳ್ಳಿ ಕಡೆ ತಿರುಗಿ, ಅಲ್ಲಿಂದ ಊರಿನ ಒಳದಾರಿ ಹಿಡಿದ ಮೇಲೆ ಕಥೆ ಬದಲಾಯ್ತು. ಅವ್ನು ಓಡಿಸ್ತಿದ್ದ, ನಾನು ಹಿಂದೆ ಅತ್ತೆ ಪಕ್ಕ ಕೂತಿದ್ದೆ. ತೇಪೆ ಹಾಕಿರೋ ಡಾಂಬರು, ಪೈಪ್‌ಲೈನ್‌ಗೆ ಅಡ್ಡ ಅಗೆದು ಮುಚ್ಚಿರೋ ಪಟ್ಟಿ, ಒಂದೊಂದೂ ನೇರವಾಗಿ ಬೆನ್ನಿಗೆ ಬಂತು. ಒಂದು ಗುಂಡಿಗೆ ಬಿದ್ದಾಗ ಹಿಂದೆಯಿಂದ ದಡ್ ಅಂತ ಸೌಂಡ್ ಬಂದು ಡಿಕ್ಕಿಲಿದ್ದ ಸಾಮಾನೆಲ್ಲ ಎಗರ್ತು. ಅತ್ತೆ "ಲೋ ನಿಧಾನಕ್ಕೋಗೋ, ಸೊಂಟ ಬಿದ್ದೋಗ್ತಿದೆ, ಇದ್ಕಿಂತ ಎತ್ತಿನ ಗಾಡಿನೇ ವಾಸಿ" ಅಂದ್ರು. ಅವ್ರಿಗೆ ಮೊದ್ಲಿಂದ ಡಿಸ್ಕ್ ತೊಂದ್ರೆ ಇದೆ. ಇದೇ ಕಾರಲ್ಲಿ ಇದೇ ರೋಡಲ್ಲಿ ಮುಂಚೆ ಅವ್ರು ನಿದ್ದೆ ಮಾಡ್ಕೊಂಡು ಹೋಗ್ತಿದ್ರು.

ಆ ದಾರೀಲಿ ನಂಗೆ ಒಂದು ವಿಷ್ಯ ಗೊತ್ತಾಯ್ತು, ಅದೇ ಈ ರಿವ್ಯೂದಲ್ಲಿ ಹೇಳ್ಬೇಕಾಗಿರೋ ಮುಖ್ಯ ಮಾತು. ಹೊಡೆತ ಎರಡು ಥರ ಇದೆ. ಒಂದು ಸಣ್ಣದು, ಚೂಪಾದ್ದು, ರೋಡಿನ ಸಣ್ಣ ಏರುಪೇರಿಗೆಲ್ಲ ಟಕ್ ಟಕ್ ಅಂತ ಸೀಟಿಗೂ ಸ್ಟೇರಿಂಗಿಗೂ ಬರೋದು. ಇನ್ನೊಂದು ದೊಡ್ಡದು, ಗುಂಡೀಲೋ ಹಂಪಲ್ಲೋ ದಡ್ ಅಂತ ಒಂದೇ ಸಲ ಗುದ್ದೋದು. ಎಲ್ರೂ ಎರಡನ್ನೂ ಸೇರಿಸಿ "ಸ್ಟಿಫ್ ಆಗಿದೆ" ಅಂತಾರೆ, ಮೆಕ್ಯಾನಿಕ್ಕೂ ಅದನ್ನೇ ಹೇಳ್ತಾನೆ. ಆದ್ರೆ ಎರಡಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ.

ಹಳೇ 15 ಇಂಚಿನ ಚಕ್ರ ಮನೇಲೇ ಇತ್ತು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅದನ್ನೇ ಹಾಕಿ, ಸ್ಪ್ರಿಂಗ್ ಹಾಗೇ ಬಿಟ್ಟು, ನಮ್ಮ ಏರಿಯಾದ ಹಾಳಾದ ರೋಡಲ್ಲೇ ಒಂದು ರೌಂಡ್ ಹೊಡೆದ್ವಿ. ಸಣ್ಣ ಟಕ್ ಟಕ್ ಮುಕ್ಕಾಲು ಪಾಲು ಹೋಯ್ತು. ದೊಡ್ಡ ದಡ್ ಸ್ವಲ್ಪ ಮೆತ್ತಗಾಯ್ತು ಅನ್ನಿಸ್ತೇ ಹೊರತು ಹೋಗ್ಲಿಲ್ಲ. ಅಂದ್ರೆ ಸಣ್ಣದು ಹೆಚ್ಚಿನ ಪಾಲು ಟೈರಿಂದು, ದೊಡ್ಡದು ಸ್ಪ್ರಿಂಗಿಂದು. ಲೋ ಪ್ರೊಫೈಲ್, ಅಂದ್ರೆ ಇಂಥ ಗಿಡ್ಡ ಟೈರು ಹಾಕ್ಸಿ ಒದ್ದಾಡ್ತಿರೋರು ಯಾರಾದ್ರೂ ಇದ್ರೆ, ಹಳೇ ಚಕ್ರ ಮಾರಿಲ್ಲ ಅಂದ್ರೆ, ದಯವಿಟ್ಟು ಮೊದ್ಲು ಇದನ್ನ ಮಾಡಿ ನೋಡಿ, ದುಡ್ಡು ಖರ್ಚಿಲ್ಲ.

ಟೈರಿನ ಲೆಕ್ಕ ಸುಲಭ. ಮೊದಲನೇ ನಂಬರ್ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ; ಎರಡನೇದು ಸೈಡ್‌ವಾಲ್, ಅಂದ್ರೆ ರಿಮ್ಮಿಗೂ ರೋಡಿಗೂ ನಡುವಿನ ಟೈರಿನ ಪಕ್ಕೆ, ಆ ಅಗಲದ ನೂರಕ್ಕೆ ಎಷ್ಟು ಅನ್ನೋದು. 185ರಲ್ಲಿ ನೂರಕ್ಕೆ 65 ಅಂದ್ರೆ ಸೈಡ್‌ವಾಲ್ 120 ಮಿ.ಮೀ. ಎತ್ತರ. 205ರಲ್ಲಿ ನೂರಕ್ಕೆ 45 ಅಂದ್ರೆ 92. ಹತ್ರ ಹತ್ರ ಮೂರು ಸೆಂಟಿಮೀಟರ್ ಗಾಳಿ ತುಂಬಿದ ರಬ್ಬರ್ ಹೋಗಿ ಆ ಜಾಗಕ್ಕೆ ಲೋಹ ಬಂದಿದೆ. ಕಾರಿನ ಮೊದಲನೇ ಸ್ಪ್ರಿಂಗ್ ಟೈರೇ, ಸಣ್ಣ ಕಲ್ಲು, ತೇಪೆ, ರಂಬಲ್ ಸ್ಟ್ರಿಪ್ ಇಂಥದ್ದನ್ನ ಸಸ್ಪೆನ್ಷನ್‌ವರೆಗೂ ಹೋಗೋಕೆ ಬಿಡದೆ ಅದೇ ನುಂಗ್ಕೊಳ್ಳತ್ತೆ. ಗಿಡ್ಡ ಸೈಡ್‌ವಾಲು ಅಷ್ಟು ಬಗ್ಗಲ್ಲ, ಆದ್ರಿಂದ ಹೊಡೆತ ಹಾಗೇ ಮೇಲೆ ಹೋಗತ್ತೆ. ಅದರ ಮೇಲೆ ದೊಡ್ಡ ಅಲಾಯ್ ತೂಕನೂ ಜಾಸ್ತಿ, ಸ್ಪ್ರಿಂಗ್ ಕೆಳಗಿರೋ ಭಾರ ಹೆಚ್ಚಾದಷ್ಟೂ ಶಾಕಬ್ಸರ್‌ಗೆ ಚಕ್ರನ ಹಿಡಿದಿಡೋದು ಕಷ್ಟ, ಹಾಳು ರೋಡಲ್ಲಿ ಚಕ್ರ ಅದುರ್ತಾ ಇರತ್ತೆ.

ಗಾಳಿ ವಿಷ್ಯನೂ ಹೇಳ್ಬೇಕು, ಯಾಕಂದ್ರೆ ಅಂಗಡಿಯವ್ರು 40 ಪಿಎಸ್‌ಐ ಹಾಕಿ ಕಳ್ಸಿದ್ರು, ಕೇಳಿದ್ರೆ "ಲೋ ಪ್ರೊಫೈಲ್‌ಗೆ ಅಷ್ಟು ಬೇಕು ಸಾರ್, ಇಲ್ಲಾಂದ್ರೆ ಅಲಾಯ್ ಬೆಂಡ್ ಬರತ್ತೆ" ಅಂದ್ರು. ಅವ್ರ ಮಾತಲ್ಲಿ ಅರ್ಧ ನಿಜ ಇದೆ. ಈ ಸೈಜಿನ ಟೈರು ಎಕ್ಸ್‌ಎಲ್, ಅಂದ್ರೆ ಎಕ್ಸ್‌ಟ್ರಾ ಲೋಡ್, ಅಂತ ಬರತ್ತೆ, ಲೋಡ್ ಇಂಡೆಕ್ಸ್ 88 ಅಂದ್ರೆ ಒಂದೊಂದು ಟೈರು 560 ಕೇಜಿ ಹೊರಬಹುದು, ಆದ್ರೆ ಅಷ್ಟು ಹೊರೋಕೆ ಮಾಮೂಲಿ ಟೈರಿಗೆ 36 ಸಾಕು, ಎಕ್ಸ್‌ಎಲ್‌ಗೆ 42 ಬೇಕು. ಅದಕ್ಕೆ ಡೋರ್ ಹತ್ರ ಸ್ಟಿಕರ್‌ನಲ್ಲಿರೋದಕ್ಕಿಂತ ಎರಡು ಮೂರು ಪಿಎಸ್‌ಐ ಜಾಸ್ತಿ ಇಟ್ಕೊಳೋದು ಸರಿ. ಆದ್ರೆ ಸ್ವಿಫ್ಟು ಒಂದು ಟನ್ನೂ ಇಲ್ಲದ ಹಗುರ ಕಾರು, ಇದಕ್ಕೆ 40 ಹಾಕಿದ್ರೆ ಕಲ್ಲು ಥರ ಆಗತ್ತೆ, ಬ್ರೇಕ್ ಹಿಡಿದಾಗ ರೋಡಿಗೆ ಅಂಟೋದೂ ಕಮ್ಮಿ. ಗಾಳಿ ಇಳಿಸಿದ್ಮೇಲೆ ಹಿಂದಿನ ಸೀಟಿನವ್ರಿಗೂ ವ್ಯತ್ಯಾಸ ಗೊತ್ತಾಯ್ತು. ಹಾಗಂತ ಮೆತ್ತಗಿರ್ಲಿ ಅಂತ 28ಕ್ಕೋ 26ಕ್ಕೋ ಇಳಿಸೋಕೆ ಹೋಗ್ಬೇಡಿ, ಗುಂಡೀಲಿ ಸೈಡ್‌ವಾಲು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಒಳಗಿನ ದಾರ ಕಟ್ ಆಗತ್ತೆ, ಆಮೇಲೆ ಟೈರು ಊದ್ಕೊಳತ್ತೆ, ಊದಿದ ಟೈರಿಗೆ ರಿಪೇರಿ ಅನ್ನೋದೇ ಇಲ್ಲ.

ಇನ್ನು ದೊಡ್ಡ ದಡ್. ಇದು ಸ್ಪ್ರಿಂಗ್ ಗಟ್ಟಿ ಅನ್ನೋದಕ್ಕಲ್ಲ, ಚಕ್ರ ಮೇಲೆ ಕೆಳಗೆ ಆಡೋಕೆ ಜಾಗ ಇಲ್ಲ ಅನ್ನೋದಕ್ಕೆ. ಶಾಕಬ್ಸರ್ ರಾಡ್ ಮೇಲೆ ಬಂಪ್ ಸ್ಟಾಪ್ ಅಂತ ಒಂದು ಗಟ್ಟಿ ಫೋಮಿನ ತುಂಡು ಇರತ್ತೆ, ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಲೋಹಕ್ಕೆ ಲೋಹ ತಾಗದಂಗೆ ಅದು ತಡೆಯತ್ತೆ. ಕಾರನ್ನ 35 ಮಿ.ಮೀ. ಇಳಿಸಿದ್ರೆ ಚಕ್ರ ಮೇಲಕ್ಕೆ ಹೋಗೋಕಿದ್ದ ಜಾಗದಲ್ಲಿ ಅಷ್ಟೂ ಮೊದ್ಲೇ ಖರ್ಚಾಗಿ ಕೂತಿರತ್ತೆ. ಹಿಂದೆ ಮೂರು ಜನ, ಡಿಕ್ಕಿಲಿ ಒಂದು ಮೂಟೆ ಅಕ್ಕಿ ಅಂದ್ರೆ ಇನ್ನೂ ಕೂರತ್ತೆ, ಗುಂಡಿ ಬರೋ ಮುಂಚೆನೇ ಬಂಪ್ ಸ್ಟಾಪಿಗೆ ಬೆರಳಗಲ ದೂರ. ಸ್ಪ್ರಿಂಗ್ ಕಂಪನಿಯವ್ರು ಸ್ಪ್ರಿಂಗನ್ನ ಗಟ್ಟಿ ಮಾಡೋದೇ ಆ ಉಳಿದ ಸ್ವಲ್ಪ ಜಾಗದಲ್ಲೇ ಹೊಡೆತ ತಡೆಯೋಕೆ. ಅದೂ ಸಾಲದೇ ಹೋದ್ರೆ ಬಂಪ್ ಸ್ಟಾಪಿಗೆ ಗುದ್ದತ್ತೆ, ಅತ್ತೆ ಸೊಂಟಕ್ಕೆ ಬಂದಿದ್ದು ಅದು.

ಹಳೇ ಶಾಕಬ್ಸರ್ ಇಲ್ಲಿ ಎರಡನೇ ತೊಂದ್ರೆ. ಕಂಪನಿ ಅದನ್ನ ಮೆತ್ತನೆ ಸ್ಪ್ರಿಂಗಿಗೆ ಅಂತ ಸೆಟ್ ಮಾಡಿರತ್ತೆ. ಗಟ್ಟಿ ಸ್ಪ್ರಿಂಗು ಒತ್ತಿ ವಾಪಸ್ ಚಿಮ್ಮೋವಾಗ ಅದಕ್ಕೆ ಹಿಡಿಯೋ ಶಕ್ತಿ ಸಾಲಲ್ಲ, ಹಂಪ್ ಇಳಿದ ಮೇಲೆ ಹಿಂದುಗಡೆ ಇನ್ನೊಂದು ಸಲ ಕುಣಿಯತ್ತಲ್ಲ, ಅದು ಇದ್ರಿಂದನೇ. ಹುಡುಗ್ರು ಉದಾಹರಣೆಗೆ ತೋರಿಸೋದು ಹೊರದೇಶದ ಸ್ವಿಫ್ಟ್ ಸ್ಪೋರ್ಟ್‌ನ, ಅದರಲ್ಲಿ 195/45 ಆರ್17 ಟೈರ್ ಇತ್ತು ನಿಜ, ಆದ್ರೆ ಸುಝುಕಿಯವ್ರು ಅದಕ್ಕೆ ಮನ್ರೋ ಕಂಪನಿಯ ಬೇರೆ ಡ್ಯಾಂಪರ್, ಅಂದ್ರೆ ಶಾಕಬ್ಸರ್, ಹಾಕಿ ಸ್ಪ್ರಿಂಗು ಡ್ಯಾಂಪರು ಎಲ್ಲಾ ಒಟ್ಟಿಗೆ ಹೊಂದಿಸಿದ್ರು. ನಾವು ಅದರಲ್ಲಿ ಕಣ್ಣಿಗೆ ಕಾಣೋದನ್ನಷ್ಟೇ ಎತ್ಕೊಂಡು ಬಂದ್ರೆ ಆಗಲ್ಲ. ಕಂಪನಿ ಸ್ಪ್ರಿಂಗನ್ನೇ ಸುರುಳಿ ಕಟ್ ಮಾಡ್ಸಿ ಇಳಿಸೋ ಪದ್ಧತಿ ಇದೆಯಲ್ಲ, ಅದನ್ನಂತೂ ಯಾವ ಕಾರಣಕ್ಕೂ ಮಾಡ್ಸಬೇಡಿ. ತುದಿ ಸೀಟಲ್ಲಿ ಸರಿಯಾಗಿ ಕೂರಲ್ಲ, ಚಕ್ರ ಗುಂಡಿಗಿಳಿದಾಗ ಸ್ಪ್ರಿಂಗು ಜಾಗ ಬಿಟ್ಟು ಜಾರೋ ಅಪಾಯ ಇದೆ.

ಹಂಪ್ ಬಗ್ಗೆ ಎಲ್ರೂ ಕೇಳ್ತಾರೆ. ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ಈಗ 125ರ ಆಸುಪಾಸು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿ.ಮೀ. ಸ್ಪೀಡಲ್ಲಿ ದಾಟೋ ಅಂಥದ್ದು. ಸ್ವಿಫ್ಟಿನ ವೀಲ್‌ಬೇಸ್, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, 2.45 ಮೀಟರ್, ಅಂದ್ರೆ ನಾಲ್ಕೂ ಚಕ್ರ ಹಂಪಿನ ಮೇಲೇ ಇರತ್ತೆ, ಲೆಕ್ಕ ಹಾಕಿದ್ರೆ ಹೊಟ್ಟೆ ಕೆಳಗೆ ಎದ್ದಿರೋದು ನಾಲ್ಕೂವರೆ ಸೆಂಟಿಮೀಟರ್ ಅಷ್ಟೇ. ಹಂಗೆ ಕಟ್ಟಿದ್ರೆ ಈ ಕಾರು ಎಲ್ಲೂ ತಾಗಲ್ಲ. ಆದ್ರೆ ನಮ್ಮೂರಲ್ಲಿ ಮನೆ ಮುಂದೆ ರಾತ್ರೋರಾತ್ರಿ ಸಿಮೆಂಟಲ್ಲಿ ಕಟ್ಟಿರೋದು ಒಂದಡಿ ಅಗಲ, ಅರ್ಧ ಅಡಿ ಎತ್ತರ, ಅಲ್ಲಿ ಚಕ್ರ ದಾಟಿ ಇಳಿದ ಮೇಲೆ ಹೊಟ್ಟೆ ಕೂರೋದು ನೇರ ಹಂಪಿನ ಮೇಲೇ. ಓರೆಯಾಗಿ ಹತ್ತಿಸ್ಬೇಕು, ಹಿಂದಿನವ್ರು ಹಾರ್ನ್ ಹೊಡೀತಾ ಇರ್ತಾರೆ, ಒಂದೆರಡು ಕಡೆ ಜನಾನ ಇಳಿಸಿ ದಾಟಿಸಿದ್ದೂ ಆಯ್ತು. ಇಂಜಿನ್ ಚೇಂಬರ್‌ಗೆ ಕೆಳಗೆ ಒಂದು ಗಾರ್ಡ್ ಹಾಕ್ಸಿದೀವಿ. ಅದಿಲ್ಲದೆ ಈ ಎತ್ತರದಲ್ಲಿ ಹಳ್ಳಿ ಕಡೆ ಹೋಗೋದು ಬೇಡ.

ಇನ್ನೂ ಇಳಿಸಬಹುದಾ, 50, 60 ಅಂತ ಕೇಳೋರಿಗೆ: ಬೇಡ. ಮುಂದಿನ ಚಕ್ರನ ಕೆಳಗಡೆಯಿಂದ ಕಾರಿಗೆ ಹಿಡಿದಿಡೋ ಆರ್ಮ್ ಮಟ್ಟವಾಗಿದ್ದಿದ್ದು ಚಕ್ರದ ಕಡೆ ಮೇಲಕ್ಕೆ ಏರೋಕೆ ಶುರುವಾದ್ರೆ ರೋಲ್ ಸೆಂಟರು, ಅಂದ್ರೆ ಬಾಡಿ ಯಾವ ಬಿಂದು ಸುತ್ತ ವಾಲತ್ತೋ ಅದು, ಕಾರಿಗಿಂತ ಬೇಗ ಕೆಳಗಿಳಿಯತ್ತೆ, ಆಗ ಬಾಡಿ ವಾಲೋ ಒತ್ತಡ ಕಮ್ಮಿ ಆಗೋ ಬದಲು ಜಾಸ್ತಿ ಆಗತ್ತೆ. ಕಾರ್ನರಿಂಗಿಗೆ ಅಂತ ಇಳಿಸಿ ಕಾರ್ನರಿಂಗೇ ಕಳ್ಕೊಳ್ಳೋದು.

ನನ್ನ ತೀರ್ಪು ಹಿಂಗಿದೆ. ಸ್ಪ್ರಿಂಗ್ ಸೆಟ್ ಕೆಟ್ಟ ಪ್ರಾಡಕ್ಟ್ ಅಲ್ಲ, ಕೆಲಸ, ಫಿನಿಶ್ ಎರಡೂ ಚೆನ್ನಾಗಿದೆ, ಒಬ್ರೇ ಇಬ್ರೇ ಒಳ್ಳೇ ರೋಡಲ್ಲಿ ಓಡಾಡೋರಿಗೆ ಐದಕ್ಕೆ ಮೂರೂವರೆ ಕೊಡ್ತೀನಿ, ಜೊತೆಗೆ ಹೊಂದೋ ಶಾಕಬ್ಸರ್ ಹಾಕಿದ್ರೆ ನಾಲ್ಕು. ಮನೇಲಿ ವಯಸ್ಸಾದವ್ರು, ಬೆನ್ನು ನೋವಿರೋರು, ಬಸುರಿ ಹೆಣ್ಮಕ್ಕಳು ಕೂರೋ ಕಾರಾದ್ರೆ ಈ ಫುಲ್ ಸೆಟಪ್‌ಗೆ ಒಂದೂವರೆ. ಚಂದಕ್ಕೆ ಅಲಾಯ್ ಬೇಕೇ ಬೇಕು ಅಂದ್ರೆ 16 ಇಂಚಿಗೆ ನಿಲ್ಲಿಸಿ, 195/55 ಆರ್16 ಹಾಕಿ, ಸುತ್ತಳತೆ ಕಂಪನಿ ಟೈರಿಗೆ ಸರಿಸಮ ಬರತ್ತೆ, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ, ಸೈಡ್‌ವಾಲ್ 107 ಮಿ.ಮೀ. ಉಳಿಯತ್ತೆ. ಸ್ಪ್ರಿಂಗ್ ಮುಟ್ಟದೆ ಇಷ್ಟು ಮಾಡಿದ್ರೂ ಕಾರು ನೋಡೋಕೆ ಎಷ್ಟೋ ಚೆಂದ ಆಗತ್ತೆ. ಭಾಮೈದ ಈಗ 17 ಮಾರೋಕೆ ಹಾಕಿ 16ಕ್ಕೆ ಬಂದಿದಾನೆ, ಹಿಂದೆ ಕಂಪನಿ ಸ್ಪ್ರಿಂಗ್ ವಾಪಸ್ ಹಾಕ್ಸಿದ್ರೆ ಸಾಕಾ ಅಂತ ಕೇಳ್ತಿದ್ದ, ಮುಂದೆ ತಗ್ಗು ಹಿಂದೆ ಎತ್ತರ ಮಾಡ್ಬೇಡ, ಹಾಕ್ಸಿದ್ರೆ ನಾಲ್ಕೂ ಹಾಕ್ಸು ಅಂದಿದೀನಿ.

ಕಾನೂನಿನದ್ದೂ ತಿಳ್ಕೊಂಡಿರಿ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ಸ್ಪೆಸಿಫಿಕೇಷನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೆ. ಇನ್ಶೂರೆನ್ಸ್‌ನವ್ರಿಗೆ ತಿಳಿಸದೆ ಹಾಕ್ಸಿದ್ರೆ ಕ್ಲೇಮ್ ಟೈಮಲ್ಲಿ ತಕರಾರು ಬರಬಹುದು.

ಈಗಾಗ್ಲೇ ಹಾಕ್ಸಿ ಓಡಿಸ್ತಿರೋರು ಅಲೈನ್‌ಮೆಂಟ್ ಮಾಡ್ಸಿಲ್ಲ ಅಂದ್ರೆ ಮೊದ್ಲು ಮಾಡ್ಸಿ, ಎತ್ತರ ಬದಲಾದ ತಕ್ಷಣ ಟೋ (ಮೇಲಿಂದ ನೋಡಿದ್ರೆ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರೋದು), ಕ್ಯಾಂಬರ್ (ಮುಂದಿಂದ ನೋಡಿದ್ರೆ ಚಕ್ರ ಒಳಗೋ ಹೊರಗೋ ವಾಲಿರೋದು) ಎರಡೂ ಬದಲಾಗತ್ತೆ, ಟೈರು ಒಳಗಡೆ ಅಂಚಲ್ಲಿ ಸವೀತಾ ಹೋಗತ್ತೆ, ಹೊರಗಿಂದ ನೋಡಿದ್ರೆ ಹೊಸದರಂತೇ ಕಾಣತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಒಳಗಿನ ಸೈಡ್‌ವಾಲ್ ಮೇಲೆ ಅಂಗೈ ಆಡಿಸಿ ನೋಡಿ, ಎಲ್ಲಾದ್ರೂ ಊದಿದ್ರೆ ಆ ಟೈರಲ್ಲಿ ಹೈವೇಗೆ ಹೋಗ್ಬೇಡಿ.