ಇಲಿ ಬಿಲಕ್ಕೆ ಹೊಗೆ ಹಾಕುವ ಯಂತ್ರ: ಮೂರು ವರ್ಷ ತಿರುಗಿಸಿದ ಮೇಲೆ

ನಮ್ಮದು ಮಂಡ್ಯ ಕಡೆ ನಾಲೆ ನೀರಿನ ಭತ್ತದ ಗದ್ದೆ. ಮೂರು ವರ್ಷದ ಹಿಂದೆ ಅಕ್ಕಪಕ್ಕದ ಗದ್ದೆಯ ಇಬ್ಬರ ಜೊತೆ ದುಡ್ಡು ಹಾಕಿ ಈ ಯಂತ್ರ ತಂದೆವು. ಯಂತ್ರ ಅಂದರೆ ದೊಡ್ಡದೇನಲ್ಲ. ಒಂದು ತಗಡಿನ ಡಬ್ಬ, ಕೈಯಲ್ಲಿ ತಿರುಗಿಸುವ ಫ್ಯಾನ್, ಮುಂದೊಂದು ಕೊಳವೆ. ಡಬ್ಬಕ್ಕೆ ಹುಲ್ಲು ತುಂಬಿ ಬೆಂಕಿ ಹಚ್ಚಿ, ಕೊಳವೆಯನ್ನು ಬಿಲದ ಬಾಯಿಗಿಟ್ಟು ಹಿಡಿ ತಿರುಗಿಸಿದರೆ ಹೊಗೆ ಒಳಗೆ ನುಗ್ಗುತ್ತದೆ. ಹೆಗ್ಗಣ ಉಸಿರುಗಟ್ಟಿ ಸಾಯುತ್ತದೆ.

ಮೊದಲ ಬೆಳೆಯಲ್ಲಿ ಯಂತ್ರಕ್ಕೆ ಬೈದಿದ್ದೇ ಜಾಸ್ತಿ. ತಪ್ಪು ನಮ್ಮದೇ. ಕಂಡ ತೂತಿಗೆಲ್ಲ ಹೊಗೆ ಬಿಟ್ಟೆವು, ಅದರಲ್ಲಿ ಅರ್ಧ ಏಡಿ ಬಿಲ! ಈಗ ಹಿಂದಿನ ಸಂಜೆಯೇ ಬದುವಿನ ಮೇಲೆ ನಡೆದು ಎಲ್ಲ ಬಾಯಿಗಳನ್ನೂ ತುಳಿದು ಮುಚ್ಚುತ್ತೇವೆ. ಬೆಳಿಗ್ಗೆ ಎಲ್ಲಿ ಹೊಸ ಮಣ್ಣಿನ ಗುಡ್ಡೆ ಕಾಣುತ್ತದೋ ಅಲ್ಲಿಗೆ ಮಾತ್ರ ಹೊಗೆ. ಒಂದು ಬಿಲಕ್ಕೆ ಎರಡು ಮೂರು ಬಾಯಿ ಇರುತ್ತವೆ. ಹೊಗೆ ಬಂದ ಕಡೆಯೆಲ್ಲ ಹಸಿ ಮಣ್ಣು ಮೆತ್ತಲು ಇನ್ನೊಬ್ಬ ಬೇಕೇ ಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲ ಇದು.

ಹೊತ್ತು ಮುಖ್ಯ. ಪೈರಿನಲ್ಲಿ ಹೊಡೆ (ಇನ್ನೂ ಹೊರಬರದ ತೆನೆ) ತುಂಬುವ ಮೊದಲೇ ಹೊಗೆ ಹಾಕಬೇಕು. ಆಮೇಲೆ ಹೆಗ್ಗಣ ಮರಿ ಹಾಕಿ ಒಂದು ನಾಲ್ಕಾಗಿರುತ್ತದೆ, ತೆನೆ ಕಡಿದು ಬಿಲದೊಳಗೆ ಕಣಜ ಮಾಡಿಕೊಂಡಿರುತ್ತದೆ. ನಮ್ಮೊಬ್ಬರ ಗದ್ದೆಗೆ ಮಾತ್ರ ಹಾಕಿದರೂ ಸುಮ್ನೆ. ವಾರದಲ್ಲಿ ಪಕ್ಕದವರ ಹೆಗ್ಗಣ ಬಂದು ಸೇರುತ್ತದೆ. ಮೂವರೂ ಒಂದೇ ದಿನ ಹಾಕಿದ ಮೇಲೆಯೇ ವ್ಯತ್ಯಾಸ ಕಂಡಿದ್ದು.

ಎರಡನೇ ವರ್ಷ ಒಂದು ಬಿಲದಿಂದ ಕೇರೆ ಹಾವು ಹೊರಬಂತು. ಪಕ್ಕದ ಗದ್ದೆಯ ಅಜ್ಜ, 'ನಿನ್ನ ಕೆಲಸ ಪುಕ್ಕಟೆ ಮಾಡೋನ್ನೇ ಓಡಿಸ್ತಿದ್ದೀಯಲ್ಲಪ್ಪಾ' ಅಂದರು. ಮಾತು ನಿಜ. ಕೇರೆ, ನಾಗರ, ಉಡ ಇವಕ್ಕೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಹೊಸ ಮಣ್ಣಿಲ್ಲದ, ಬಾಯಿ ನುಣ್ಣಗಾದ ಬಿಲವನ್ನು ಅಂದಿನಿಂದ ಮುಟ್ಟುತ್ತಿಲ್ಲ.

ಊರಿನ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಹೊರದೇಶದಲ್ಲಿ ಬಿಲದೊಳಗೆ ಪ್ರೊಪೇನ್ ಅನ್ನೋ ಉರಿಯುವ ಅನಿಲ, ಆಮ್ಲಜನಕ ತುಂಬಿ ಸಿಡಿಸುತ್ತಾರೆ, ಬಿಲವೇ ಕುಸಿಯುತ್ತದೆ. 'ಮನೆ ಸಿಲಿಂಡರಿನಲ್ಲೇ ಮಾಡಬಹುದಲ್ವಾ' ಅಂತ ಅವನ ಆಸೆ. ಅಡುಗೆ ಸಿಲಿಂಡರನ್ನು ಬೇರೆ ಕೆಲಸಕ್ಕೆ ಬಳಸುವುದೇ ಕಾನೂನಿಗೆ ವಿರುದ್ಧ. ಅದು ಬಿಟ್ಟರೂ, ನೀರು ನಿಂತ ಗದ್ದೆಯ ಬದು ಸಿಡಿದರೆ ಕೆಳಗಿನ ಗದ್ದೆಯವರು ಸುಮ್ಮನಿರುತ್ತಾರೆಯೇ? ಬಿಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ವಿಷದ ಗುಳಿಗೆಯ ಕತೆಯೂ ಹೀಗೇ. ಸರ್ಕಾರಿ ಸಂಸ್ಥೆ, ಕೀಟ ನಿಯಂತ್ರಣದವರಿಗೆ ಮಾತ್ರ ಮಾರಬೇಕಾದ ವಿಷ ಅದು. ಕದ್ದು ಕೊಡುತ್ತೇವೆ ಅಂದರೂ ಬೇಡ.

ನಮ್ಮಲ್ಲಿ ಬಿಲ ಕುಸಿಸುವುದು ಗುದ್ದಲಿ, ಹಿಮ್ಮಡಿಯಿಂದಲೇ. ಹೊಗೆ ಹಾಕಿದ ಮರುದಿನ ಅಗೆದು, ಸತ್ತದ್ದನ್ನು ಕೈಗವಸು ಹಾಕಿಕೊಂಡು ತೆಗೆದು ಹೂಳಿ (ಇಲಿ ಜ್ವರದ ಭಯ), ಮಣ್ಣು ಗಟ್ಟಿಯಾಗಿ ತುಳಿಯುತ್ತೇವೆ. ಹಾಗೇ ಬಿಟ್ಟರೆ ಬದುವಿನಲ್ಲಿ ನೀರು ಸೋರುತ್ತದೆ.

ಯಂತ್ರದ ದೋಷ? ಫ್ಯಾನ್ ತಿರುಗಿಸುವ ಚಕ್ರದ ಹಲ್ಲು ಎರಡನೇ ವರ್ಷವೇ ಸವೆಯಿತು. ಮಾರಿದವರು ಫೋನ್ ಎತ್ತಲಿಲ್ಲ, ಊರಿನ ಗ್ಯಾರೇಜಿನಲ್ಲೇ ಸರಿ ಮಾಡಿಸಿದೆವು. ಡಬ್ಬ ಕಾದು ಕೈ ಸುಡುತ್ತದೆ. ಹುಲ್ಲು ತೀರಾ ಒಣಗಿದ್ದರೆ ಉರಿ ಜಾಸ್ತಿ, ಹೊಗೆ ಕಡಿಮೆ, ಸ್ವಲ್ಪ ಹಸಿ ಸೊಪ್ಪು ಬೆರೆಸಬೇಕು. ಗಾಳಿ ತಿರುಗಿದರೆ ಕಣ್ಣಿನ ಪಾಡು ಹೇಳಬಾರದು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕೊಳವೆಯ ಕೀಲು ತುಕ್ಕು ಹಿಡಿಯದಿದ್ದರೆ ನಾಲ್ಕು ಕೊಡುತ್ತಿದ್ದೆ.