ರೆಡ್ ರಿವರ್ ಮಟ್ಟ ತೋರಿಸುವ ಪುಟ: ಎಂಟು ವಸಂತ ಬಳಸಿದ ಮೇಲೆ

ನಾವು ಅಮೆರಿಕದ ನಾರ್ತ್ ಡಕೋಟಾದಲ್ಲಿ, ರೆಡ್ ರಿವರ್ ಹೊಳೆಯ ದಡದಲ್ಲಿರುವ ಫಾರ್ಗೊಗೆ ಬಂದ ಮೊದಲ ಮಾರ್ಚ್. ಆಕಾಶದಲ್ಲಿ ಒಂದು ಮೋಡವಿಲ್ಲ, ಒಳ್ಳೇ ಬಿಸಿಲು. ಪಕ್ಕದ ಮನೆಯ ಹಿರಿಯರು ಬೇಸ್‌ಮೆಂಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಮೇಲಕ್ಕೆ ಹೊರುತ್ತಿದ್ದರು. 'ಮಳೆಯೇ ಇಲ್ಲವಲ್ಲ' ಅಂದೆ. ಅವರು ಫೋನ್ ತೆಗೆದು ಏರುತ್ತಿದ್ದ ಒಂದು ಗೆರೆ ತೋರಿಸಿ, 'ಇಲ್ಲಿ ಬಿಸಿಲಿಗೇ ಹೊಳೆ ಬರುತ್ತದೆ' ಅಂದರು. ಅವತ್ತಿನಿಂದ ಅಮೆರಿಕದ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್‌ನ ಆ ಹೊಳೆಮಟ್ಟದ ಪುಟ ನೋಡುತ್ತಿದ್ದೇನೆ. 2024ರ ಮಾರ್ಚ್‌ನಲ್ಲಿ ಅದಕ್ಕೆ ಹೊಸ ರೂಪ ಬಂತು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಹೊಳೆ ಹತ್ತಿರ ಮನೆ ಮಾಡಿದವರು ಮೊದಲ ದಿನವೇ ಇದನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕು.

ಪುಟದಲ್ಲಿ ಇರುವುದು ಮುಖ್ಯವಾಗಿ ಒಂದು ಗ್ರಾಫ್. ಇಲ್ಲಿಯವರೆಗೆ ನೀರು ಎಷ್ಟಿತ್ತು, ಮುಂದಿನ ದಿನಗಳಲ್ಲಿ ಎಷ್ಟಾಗಬಹುದು, ಎರಡೂ ಕಾಣುತ್ತವೆ. ಅಡ್ಡಲಾಗಿ ಬಣ್ಣದ ಗೆರೆಗಳಿವೆ. ಫಾರ್ಗೊದಲ್ಲಿ 18 ಅಡಿಗೆ ನೆರೆ ಶುರು, 25ಕ್ಕೆ ಮಧ್ಯಮ, 30 ದಾಟಿದರೆ ದೊಡ್ಡದು. ಈ ಅಡಿ ಹೊಳೆಯ ಆಳವಲ್ಲ. ಗೊತ್ತುಮಾಡಿದ ಒಂದು ಮಟ್ಟದಿಂದ ಮೇಲಕ್ಕೆ ಅಳೆದದ್ದು. ಇದು ತಿಳಿಯದೆ ನಾನು ಮೊದಲ ವರ್ಷ ಸುಮ್ನೆ ಗಾಬರಿಯಾಗಿದ್ದೆ.

ಆ ಅಂಕಿಗಳನ್ನು ನಮ್ಮ ಮನೆಯ ಕೆಲಸಕ್ಕೆ ಜೋಡಿಸಿಕೊಳ್ಳದಿದ್ದರೆ ಗ್ರಾಫ್ ನೋಡಿ ಏನೂ ಪ್ರಯೋಜನವಿಲ್ಲ. ನಮ್ಮ ಫ್ರಿಜ್ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿದ್ದೇವೆ. 18 ಬರುತ್ತದೆ ಅಂತ ಗೆರೆ ಹೇಳಿದರೆ ಸಂಪ್ ಪಂಪ್, ಅಂದರೆ ಬೇಸ್‌ಮೆಂಟಿನ ಗುಂಡಿಗೆ ಇಳಿದ ನೀರನ್ನು ಹೊರಗೆ ಹಾಕುವ ಪಂಪ್, ಅದರ ಪರೀಕ್ಷೆ. ಗುಂಡಿಗೆ ಬಕೆಟ್‌ನಿಂದ ನೀರು ಸುರಿಯುತ್ತಾ ಹೋಗುತ್ತೇನೆ. ಫ್ಲೋಟ್ ತೇಲಿ ಮೇಲೆ ಬಂದು ಪಂಪ್ 'ಗುರ್' ಅನ್ನಬೇಕು. ಆಮೇಲೆ ಹೊರಗೆ ಓಡಿ ಪೈಪಿನ ಬಾಯಲ್ಲಿ ನೀರು ಬೀಳುತ್ತಿದೆಯಾ ನೋಡಬೇಕು. ಅಲ್ಲಿ ಮಂಜುಗಡ್ಡೆ ಕಟ್ಟಿದ್ದರೆ ಪಂಪ್ ಓಡಿದರೂ ನೀರು ಹೊರಗೆ ಹೋಗಲ್ಲ. 25 ಅಂದರೆ ಬೇಸ್‌ಮೆಂಟ್ ಖಾಲಿ. 30 ಅಂದರೆ ಕಾಗದಪತ್ರ, ಔಷಧಿ, ಮಕ್ಕಳ ಬಟ್ಟೆ ಕಾರಿಗೆ.

ಈ ಹೊಳೆಯ ಸ್ವಭಾವವೂ ಬೇರೆ. ಇದು ಉತ್ತರಕ್ಕೆ ಹರಿಯುತ್ತದೆ, ವಿನಿಪೆಗ್ ಸರೋವರದ ಕಡೆಗೆ. ದಕ್ಷಿಣದಲ್ಲಿ ಹಿಮ ಮೊದಲು ಕರಗುತ್ತದೆ, ಉತ್ತರದಲ್ಲಿ ಹೊಳೆ ಇನ್ನೂ ಗಡ್ಡೆಯಾಗಿರುತ್ತದೆ, ಬಂದ ನೀರಿಗೆ ಮುಂದೆ ಸಲೀಸಾಗಿ ದಾರಿ ಸಿಗಲ್ಲ. ಸುತ್ತಲಿನ ನೆಲವೋ ಪುರಾತನ ಅಗಾಸಿಸ್ ಸರೋವರದ ತಳ, ತಟ್ಟೆಯಂತೆ ಚಪ್ಪಟೆ. ನೀರು ದಡ ದಾಟಿದರೆ ನಿಲ್ಲಿಸಲು ಒಂದು ದಿಬ್ಬವೂ ಇಲ್ಲ. ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾದರೆ ಹೊಳೆ ನಿಧಾನವಾಗಿ ಏರುತ್ತದೆ. ರಾತ್ರಿಯೂ ಬೆಚ್ಚಗಿದ್ದು, ಮೇಲೆ ಮಳೆಯೂ ಬಿದ್ದರೆ ಗೆರೆ ನೆಟ್ಟಗೆ ಮೇಲೇಳುತ್ತದೆ. ನಾನಂತೂ ಈಗ ರಾತ್ರಿಯ ತಾಪಮಾನ ನೋಡದೆ ಮಲಗಲ್ಲ.

ಅಂದಾಜು ತಪ್ಪುವುದೂ ಉಂಟು. 1997ರ ಏಪ್ರಿಲ್‌ನಲ್ಲಿ ಇದೇ ಹೊಳೆಯ ದಡದ ಊರು ಗ್ರ್ಯಾಂಡ್ ಫೋರ್ಕ್ಸ್‌ಗೆ ಹೇಳಿದ್ದು 49 ಅಡಿ. ಏರಿದ್ದು 54 ಅಡಿಗೂ ಮೇಲೆ. ಹೆಚ್ಚುಕಡಿಮೆ ಇಡೀ ಊರು ಮನೆ ಬಿಡಬೇಕಾಯಿತು. ಹಾಗಾಗಿ ಪುಟ ಹೇಳಿದ ಅಂಕಿಗೆ ನಾನು ಎರಡು ಮೂರು ಅಡಿ ಸೇರಿಸಿಯೇ ತಯಾರಾಗುತ್ತೇನೆ. ಫಾರ್ಗೊದಲ್ಲಿ 2009ರ ಮಾರ್ಚ್ 28ರಂದು 40.84 ಅಡಿ ಮುಟ್ಟಿದ್ದು ಇಲ್ಲಿಯ ದಾಖಲೆ. ಆಗ ಜನ ಫಾರ್ಗೊಡೋಮ್ ಎಂಬ ಒಳಾಂಗಣ ಕ್ರೀಡಾಂಗಣದೊಳಗೆ ನಿಂತು ಮರಳು ಚೀಲ ತುಂಬಿದರು, ಕೈಯಿಂದ ಕೈಗೆ ದಾಟಿಸಿ ಒಡ್ಡು ಕಟ್ಟಿದರು. ನಮ್ಮ ಪಕ್ಕದ ಮನೆಯ ಹಿರಿಯರೂ ಅದರಲ್ಲಿದ್ದವರು. ಚೀಲವನ್ನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ಸಾಕು ಅಂತ ಕಲಿಸಿಕೊಟ್ಟವರು ಅವರೇ. ಪೂರ್ತಿ ತುಂಬಿದ ಚೀಲ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಸಂದಿಯಲ್ಲಿ ನೀರು ನುಗ್ಗುತ್ತದೆ.

ಚಳಿಗಾಲದ ಕೊನೆಗೆ ಬರುವ ವಸಂತದ ನೆರೆ ಮುನ್ನೋಟವನ್ನು ಜನ ಅಷ್ಟಾಗಿ ನೋಡುವುದಿಲ್ಲ. ನನಗೆ ಬೇಸರ ಅದೇ. ಯಾವ ಮಟ್ಟ ದಾಟುವ ಸಾಧ್ಯತೆ ಶೇಕಡಾ ಎಷ್ಟು ಅಂತ ಅದರಲ್ಲಿರುತ್ತದೆ. ಸರ್ಕಾರದ ನೆರೆ ವಿಮೆ ಸಾಮಾನ್ಯವಾಗಿ ಜಾರಿಗೆ ಬರಲು 30 ದಿನ ಬೇಕು. ಗೆರೆ ಏರಿದ ಮೇಲೆ ಏಜೆಂಟರಿಗೆ ಫೋನ್ ಮಾಡಿದರೆ ತಡವಾಯಿತು ಅಲ್ವಾ?

ಹೊಳೆಗೆ ಸೇರದ ನೀರನ್ನು ಈ ಪುಟ ತೋರಿಸುವುದಿಲ್ಲ. ಹೊಲದ ಹಿಮ ಕರಗಿ, ಮೋರಿ ಇನ್ನೂ ಗಡ್ಡೆ ಕಟ್ಟಿಕೊಂಡಿದ್ದರೆ, ನೀರು ರಸ್ತೆ ಹತ್ತುತ್ತದೆ. ಅಲ್ಲಿ ಅಳತೆಪಟ್ಟಿ ಇಲ್ಲ. ನಮ್ಮ ಬೀದಿಯವರು ಚರಂಡಿ ಬಾಯಿಗಳನ್ನು ಹಂಚಿಕೊಂಡಿದ್ದೇವೆ. ನನಗೆ ಮೂಲೆಯದ್ದು. ಮಾರ್ಚ್ ಬಂದರೆ ಬೆಳಿಗ್ಗೆ ಸಲಿಕೆ ಹಿಡಿದು ಹೋಗಿ ಗಡ್ಡೆ ಒಡೆಯುತ್ತೇನೆ. ವಾಪಸ್ ಬರುವಾಗ ಇಂಟರ್ನೆಟ್ ಇಲ್ಲದ ಒಬ್ಬ ಅಜ್ಜಿಯ ಬಾಗಿಲು ತಟ್ಟಿ, ಇವತ್ತಿನ ಅಂಕಿ ಹೇಳಿ ಬರುತ್ತೇನೆ. ಅವರು ಅದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ.